ಎಲ್ಲರನ್ನೂ ಬನ್ನಿಮಂಟಪಕ್ಕೆ ಕಳಿಸಿದ ಪ್ರೋಗ್ರಾಂ

ಆ ಫ್ಲಾಪಿಯನ್ನು ನೆನೆಸಿಕೊಂಡರೆ ಈಗಲೂ ಹಲ್ಲು ಕಚ್ಚುವಂತಾಗುತ್ತದೆ. ಕಪ್ಪು ಬಣ್ಣದ್ದು. ಮೂಲೆಯಲ್ಲಿ ಅರಿಶಿನದ ಬೆರಳಿನ ಗುರುತು. ಮೇಲಿನ ಚೀಟಿಯಲ್ಲಿ ನೀಲಿ ಪೆನ್ನಿನಿಂದ ‘ಪ್ರಾಜೆಕ್ಟ್ ಹೊಸದು’ ಎಂದು ಬರೆದು, ಅದನ್ನು ಹೊಡೆದುಹಾಕಿ, ಕೆಳಗೆ ‘ಬಹಳ ಹೊಸದು’ ಎಂದು ಬರೆದಿತ್ತು. ಕಂಪ್ಯೂಟರಿಗೆ ತೂರಿಸಿ ತೆರೆದರೆ ಒಳಗೆ ಒಂದೇ ಒಂದು ಫೈಲು. ಕೆಳಗೆ ಹೋಗುವ ಗುಂಡಿಯನ್ನು ಒತ್ತಿ ಹಿಡಿದರೂ ಅದು ಮುಗಿಯುವುದೇ ಇಲ್ಲ. ವಾರವೆಲ್ಲ ಕೂತು ನಾನು ಬೇರೆ ಬೇರೆ ಮಾಡಿ, ಒಂದೊಂದಕ್ಕೂ ಹೆಸರಿಟ್ಟು, ಜೋಡಿಸಿ ಕೊಟ್ಟಿದ್ದ ಫೈಲುಗಳನ್ನೆಲ್ಲ ನನ್ನ ಪ್ರಾಜೆಕ್ಟಿನ ಜೊತೆಗಾತಿ ಮತ್ತೆ ಒಂದೇ ಗಂಟು ಕಟ್ಟಿ ತಂದಿದ್ದಳು.

“ಏನ್ರೀ ಇದು?” ಎಂದೆ.

“ಮನೇಲಿ ಓಡ್ಲಿಲ್ಲ ಅಕ್ಕ. ಅದ್ ಸಿಗ್ತಿಲ್ಲ, ಇದ್ ಸಿಗ್ತಿಲ್ಲ ಅಂತ ಒಂದೇ ಸಮ ಬಡ್ಕೊಳ್ತಿತ್ತು. ಎಲ್ಲಾ ತಂದು ಒಂದೇ ಕಡೆ ಸುರಿದ್ಬುಟ್ಟೆ. ಈಗ ನೋಡಿ, ಚಕ್ ಅಂತ ಓಡುತ್ತೆ!”

ಓಡಿತು. ನನಗೆ ಅಳು ಬಂತು.

ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಲಕ್ಷ್ಮೀಪುರಂನ ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ದೂರದಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಮಗಳು ಸ್ಕೂಲಿಗೆ ಹೋಗಿ ಬರುವುದರೊಳಗೆ ಮುಗಿಯುವ ಹಾಗೆ ಹೆಂಗಸರಿಗೆಂದೇ ಒಂದು ಮಧ್ಯಾಹ್ನದ ಬ್ಯಾಚ್ ಇಟ್ಟಿದ್ದರು. ನಾನು ಸೇರಿದ್ದು ಅದಕ್ಕೇ. ಲ್ಯಾಬಿನ ಗಾಜಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಕಂಪ್ಯೂಟರಿಗೆ ಹೊದಿಸಿದ್ದ ಪ್ಲಾಸ್ಟಿಕ್ ಕವರನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟು ಕೂರಬೇಕು. ಕರೆಂಟು ಹೋದರೆ ಯುಪಿಎಸ್ ಕೀಚಲು ದನಿ ತೆಗೆಯುತ್ತಿತ್ತು. ಆಗ ಎಲ್ಲರೂ “ಸೇವ್ ಮಾಡ್ರೀ, ಸೇವ್ ಮಾಡ್ರೀ” ಎಂದು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದೆವು.

ಕೋರ್ಸಿನ ಕೊನೆಗೆ ಇಬ್ಬಿಬ್ಬರು ಸೇರಿ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಪಾಠ ಮಾಡುತ್ತಿದ್ದ ಸರ್ ನಮಗಿಬ್ಬರಿಗೆ ಕೊಟ್ಟದ್ದು ಚಾಟ್ ಬಾಟ್. ಆಗ ಆ ಮಾತನ್ನು ನಾನು ಕೇಳಿಯೇ ಇರಲಿಲ್ಲ. “ಏನಿಲ್ಲ ಮೇಡಂ, ಜನ ಟೈಪ್ ಮಾಡಿ ಏನಾದ್ರೂ ಕೇಳ್ತಾರೆ, ಕಂಪ್ಯೂಟರ್ ಮನುಷ್ಯರ ಥರ ಉತ್ತರ ಕೊಡಬೇಕು, ಅಷ್ಟೇ” ಎಂದರು ಸರ್. ನಮ್ಮದು ಸಿಟಿ ಬಸ್ಸಿನ ವಿಷಯ. ಮೈಸೂರಿನ ಯಾವ ಬಡಾವಣೆಗೆ ಯಾವ ಬಸ್ಸು, ಎಲ್ಲಿ ಹತ್ತಬೇಕು ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದು ಕೇಳಿದರೆ, ಅದೂ ಹಾಗೆಯೇ ಕನ್ನಡದಲ್ಲಿ ಹೇಳಬೇಕು.

ನನಗೆ ಜೊತೆಯಾದಾಕೆ ಬನ್ನಿಮಂಟಪದ ಕಡೆಯವಳು. ನನಗಿಂತ ಸ್ವಲ್ಪ ಚಿಕ್ಕವಳು. ಅವರ ಮಾವನವರದು ದಿನಸಿ ಅಂಗಡಿ. ಮಠಕ್ಕೆ ನಡೆದುಕೊಳ್ಳುವ ಮನೆತನ. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಕೈತುಂಬ ಗಾಜಿನ ಬಳೆ. ಟೈಪ್ ಮಾಡಲು ಕೂತರೆ ಬಳೆಯ ಸದ್ದೇ ಮೊದಲು ಕೇಳುತ್ತಿತ್ತು. ಬುದ್ಧಿ ಬಹಳ ಚುರುಕು. ನಾನು ಕಾಗದದ ಮೇಲೆ ಚಿತ್ರ ಬರೆದು ಯೋಚಿಸುತ್ತಿರುವಾಗಲೇ ಆಕೆ ಅರ್ಧ ಪ್ರೋಗ್ರಾಂ ಬರೆದು ಮುಗಿಸಿ, ಡಬ್ಬಿಯಿಂದ ಅವರೆಕಾಳು ಉಪ್ಪಿಟ್ಟು ತೆಗೆದು ಎಲ್ಲರಿಗೂ ಹಂಚುತ್ತಿದ್ದಳು. ಕ್ಲಾಸಿನಲ್ಲಿ ಆಕೆಯನ್ನು ಇಷ್ಟಪಡದವರು ಯಾರೂ ಇರಲಿಲ್ಲ. ನನಗೂ ಇಷ್ಟವೇ. ತೊಂದರೆಯಾಗಿದ್ದು ಆಕೆ ಬರೆಯುತ್ತಿದ್ದ ರೀತಿಯಿಂದ.

ಈ ಪ್ರಾಜೆಕ್ಟಿನಲ್ಲಿ ನನಗೆ ಬೇಕಾಗಿದ್ದುದೊಂದಿತ್ತು. ಕೇಂದ್ರದಲ್ಲಿ ಮಧ್ಯಾಹ್ನದ ಬ್ಯಾಚಿಗೆ ಲ್ಯಾಬ್ ನೋಡಿಕೊಳ್ಳುವ ಒಂದು ಜಾಗ ಖಾಲಿಯಾಗುತ್ತಿತ್ತು. ಜನರಿಗೆ ಬಾಗಿಲು ತೆರೆದು ಪ್ರಾಜೆಕ್ಟುಗಳನ್ನು ತೋರಿಸುವ ದಿನ ಮಾಲೀಕರೇ ಬರುತ್ತಾರೆ, ಅವರಿಗೆ ಹಿಡಿಸಿದರೆ ನಿಮ್ಮ ಹೆಸರು ಹೇಳುತ್ತೇನೆ ಎಂದು ಸರ್ ನನಗೆ ಹೇಳಿದ್ದರು. ನಮ್ಮ ಮನೆಯವರು ಒಪ್ಪಿದ್ದರು. ಅತ್ತೆ ಕೂಡ, “ಮಗು ಬರೋ ಹೊತ್ತಿಗೆ ಮನೇಲಿದ್ರೆ ಆಯ್ತಪ್ಪ” ಎಂದಿದ್ದರು. ಅಂಥ ಹೊತ್ತಿನ ಕೆಲಸ, ಅದೂ ನಡೆದು ಹೋಗುವಷ್ಟು ಹತ್ತಿರ, ನನ್ನಂಥವಳಿಗೆ ಮತ್ತೆ ಸಿಗುವ ಹಾಗಿರಲಿಲ್ಲ. ಮದುವೆಯಾದ ಮೇಲೆ ನನ್ನದೇ ಆದ ಒಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ನನ್ನದೇ ಕೆಲಸಕ್ಕೆಂದು ನಾನು ಗೇಟು ದಾಟಿರಲಿಲ್ಲ. ಅದೊಂದು ಆಸೆ.

ಜೊತೆಗಾತಿಗೆ ಆ ಜಾಗ ಬೇಕಿರಲಿಲ್ಲ. “ನಂಗ್ಯಾಕಕ್ಕ? ಅಂಗಡಿ ಲೆಕ್ಕನೇ ಬೇಕಾದಷ್ಟಿದೆ. ನೀವೇ ಮೇಡಂ ಆಗಿ, ನಾನು ಬಂದು ನಿಮ್ಮ ಮುಂದಿನ ಬೆಂಚಲ್ಲಿ ಕೂತ್ಕೊಂಡು ಗಲಾಟೆ ಮಾಡ್ತೀನಿ” ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಆಕೆಗೆ ಕಳೆದುಕೊಳ್ಳುವುದೇನೂ ಇರಲಿಲ್ಲ, ಅದಕ್ಕೇ ಅಷ್ಟು ಹಗುರವಾಗಿ ಬರೆಯುತ್ತಾಳೆ ಎಂದು ಒಳಗೊಳಗೇ ಅನ್ನಿಸುತ್ತಿತ್ತು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ನಾವು ಕಸೂತಿ ಹಾಕಿದ ಕರವಸ್ತ್ರವನ್ನು ತೆಗೆದುಕೊಂಡು ಮೊದಲು ಮಗುಚುತ್ತಿದ್ದರು. ಮುಂದಿನ ಹೂವನ್ನು ನೋಡುತ್ತಲೇ ಇರಲಿಲ್ಲ. ಹಿಂದೆ ದಾರ ಅಡ್ಡಾದಿಡ್ಡಿ ಓಡಿದ್ದರೆ, ಗಂಟು ದಪ್ಪಗಿದ್ದರೆ, ಏನೂ ಬೈಯದೆ ಬಿಚ್ಚಿ ವಾಪಸು ಕೊಡುತ್ತಿದ್ದರು. ಆ ಅಭ್ಯಾಸ ನನ್ನ ಕೈಯಲ್ಲಿ ಉಳಿದುಹೋಗಿದೆ. ಪರದೆಯ ಮೇಲೆ ಎಷ್ಟೇ ಚೆಂದ ಕಂಡರೂ ನನಗೆ ಹಿಂದೆ ಬರೆದದ್ದನ್ನು ಮಗುಚಿ ನೋಡಬೇಕು.

ಮಗುಚಿ ನೋಡಿದರೆ ಅಲ್ಲಿ ಏನಿತ್ತು? ಜನ ಟೈಪ್ ಮಾಡಿದ್ದರಲ್ಲಿ ಹೆಚ್ಚಿಗೆ ಬಿಟ್ಟ ಜಾಗವನ್ನು ತೆಗೆದು, ದೊಡ್ಡಕ್ಷರವನ್ನು ಚಿಕ್ಕಕ್ಷರ ಮಾಡುವುದು ಒಂದು ಸಣ್ಣ ಕೆಲಸ. ಅಂಥ ಸಣ್ಣ ಕೆಲಸಗಳನ್ನು ಮಾಡಿಕೊಡುವ ತುಂಡುಗಳಿಗೆ ಸರ್ ‘ಹೆಲ್ಪರ್’ ಎನ್ನುತ್ತಿದ್ದರು. ಒಮ್ಮೆ ಬರೆದಿಟ್ಟರೆ ಬೇಕಾದ ಕಡೆಯೆಲ್ಲ ಹೆಸರು ಹಿಡಿದು ಕರೆದು ಕೆಲಸ ಮಾಡಿಸಿಕೊಳ್ಳಬಹುದು. ನನ್ನ ಜೊತೆಗಾತಿ ಅದೇ ಹೆಲ್ಪರನ್ನು ಕಂಡ ಕಂಡ ಕಡೆ ಮತ್ತೆ ಮತ್ತೆ ಬರೆದಿದ್ದಳು. ಒಂದೊಂದು ಕಡೆ ಒಂದೊಂದು ಥರ. ಒಂದು ಕಡೆ ತಪ್ಪು ತಿದ್ದಿದರೆ ಇನ್ನೊಂದು ಕಡೆ ಅದೇ ತಪ್ಪು ಹಾಗೇ ಕೂತಿರುತ್ತಿತ್ತು. ‘ಲಕ್ಷ್ಮೀಪುರಂ’ ಎಂದು ಕೇಳಿದರೆ ಉತ್ತರ ಬರುತ್ತಿತ್ತು. ‘ಲಕ್ಷ್ಮೀಪುರಂಗೆ ಎಲ್ಲಿ ಹತ್ತಬೇಕು’ ಎಂದು ಕೇಳಿದರೆ ಬರುತ್ತಿರಲಿಲ್ಲ.

ಅದಕ್ಕೇ ನಾನು ಎಲ್ಲವನ್ನೂ ಬಿಡಿಸಿದೆ. ಜಾಗದ ಹೆಸರು ಹುಡುಕುವ ಹೆಲ್ಪರ್ ಒಂದು ಫೈಲಿನಲ್ಲಿ, ವೇಳೆ ಹುಡುಕುವುದು ಇನ್ನೊಂದರಲ್ಲಿ, ನಮಸ್ಕಾರ ಹೇಳುವುದು ಮತ್ತೊಂದರಲ್ಲಿ, ಎಲ್ಲರಿಗೂ ಬೇಕಾಗುವ ಚಿಲ್ಲರೆ ಕೆಲಸದ್ದು ಬೇರೆಯದರಲ್ಲಿ. ಇವನ್ನೆಲ್ಲ ಸಾಲಾಗಿ ಕರೆಯುವ ಮುಖ್ಯ ಫೈಲು ಚಿಕ್ಕದಾಗಿ, ಓದಿದರೆ ಕಥೆಯ ಹಾಗೆ ಅರ್ಥವಾಗುವಂತೆ ಇತ್ತು.

“ಇರೋ ನಾಲ್ಕು ಪಾತ್ರೆಗೆ ಐದು ಬೀರು ಮಾಡಿಸಿದ್ದೀರಲ್ಲಕ್ಕ!” ಎಂದಳು ಆಕೆ ಅದನ್ನು ನೋಡಿ.

“ಹುಡುಕೋಕೆ ಸುಲಭ ಕಣ್ರೀ.”

“ಒಂದೇ ಕಡೆ ಇದ್ರೆ ಹುಡುಕೋದೇ ಬೇಡ್ವಲ್ಲ.”

ಹಾಗೆ ಹೇಳಿ ಫ್ಲಾಪಿಯಲ್ಲಿ ಮನೆಗೆ ತೆಗೆದುಕೊಂಡು ಹೋದವಳು, ಮೊದಲೇ ಹೇಳಿದೆನಲ್ಲ, ಒಂದೇ ಗಂಟು ಕಟ್ಟಿ ತಂದಳು. ಮನೆಯ ಕಂಪ್ಯೂಟರಿನಲ್ಲಿ ಫೈಲುಗಳನ್ನು ಜೋಡಿಸುವುದು ಹೇಗೆಂದು ನಾನು ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಆ ಚೀಟಿಯಲ್ಲಿ ಅಂಗಡಿಯಲ್ಲಿ ಯಾರಿಗೋ ಏಲಕ್ಕಿ ಕಟ್ಟಿಕೊಟ್ಟಿದ್ದಾಯಿತಂತೆ.

ಮತ್ತೆ ಬಿಡಿಸಿದೆ. ಈ ಸಲ ಬಿಡಿಸಿದ ಮೇಲೆ ಹೊಸ ಕಾಟ ಶುರುವಾಯಿತು. ‘ನಮಸ್ಕಾರ’ ಎಂದು ಟೈಪ್ ಮಾಡಿದರೆ ಪ್ರೋಗ್ರಾಂ, “ಬನ್ನಿಮಂಟಪದ ಬಸ್ಸು ಹಿಡಿಯಿರಿ, ಹೋಗಿ ಬನ್ನಿ” ಎಂದಿತು. ‘ಭಾನುವಾರ ಬಸ್ ಇದೆಯಾ’ ಎಂದರೂ ಬನ್ನಿಮಂಟಪದ ಬಸ್ಸು. ‘ನೀನು ಯಾರು’ ಎಂದರೂ ಬನ್ನಿಮಂಟಪದ ಬಸ್ಸು.

ನನ್ನ ಲೆಕ್ಕ ಹೀಗಿತ್ತು: ಮೊದಲು ಜಾಗ ಹುಡುಕುವ ಹೆಲ್ಪರನ್ನು ಕೇಳು. ಅದಕ್ಕೆ ಯಾವ ಜಾಗವೂ ಸಿಗದಿದ್ದರೆ ಅದು ಖಾಲಿ ಉತ್ತರ ಕೊಡುತ್ತದೆ. ಆಗ ವೇಳೆಯ ಹೆಲ್ಪರನ್ನು ಕೇಳು. ಅದೂ ಖಾಲಿ ಎಂದರೆ ನಮಸ್ಕಾರದ್ದನ್ನು. ಎಲ್ಲರೂ ಖಾಲಿ ಎಂದರೆ ಕೊನೆಗೆ, “ಕ್ಷಮಿಸಿ, ಅರ್ಥವಾಗಲಿಲ್ಲ, ಬೇರೆ ಥರ ಕೇಳಿ” ಎನ್ನು. ಸರಿಯಾಗಿಯೇ ಇತ್ತು. ಆದರೂ ನಾನು ತಪ್ಪು ನನ್ನ ಜೋಡಣೆಯಲ್ಲೇ ಇದೆ ಎಂದುಕೊಂಡು ಸಾಲನ್ನು ಹಿಂದೆ ಮುಂದೆ ಮಾಡಿದೆ, ಎಲ್ಲ ಅಳಿಸಿ ಹೊಸದಾಗಿ ಬರೆದೆ. ಸಾರಿಗೆ ಒಗ್ಗರಣೆ ಹಾಕುತ್ತ ಅದನ್ನೇ ಯೋಚಿಸುತ್ತಿದ್ದಾಗ ಸಾಸಿವೆ ಸೀದುಹೋಯಿತು. “ಕಂಪ್ಯೂಟರ್ ಕಲಿಯೋಕೆ ಮುಂಚೆ ಸಾರು ಚೆನ್ನಾಗಿರೋದು” ಎಂದರು ನಮ್ಮ ಮನೆಯವರು. ಅವರಿಗೆ ಅದು ತಮಾಷೆ.

ಕೊನೆಗೆ ಜೊತೆಗಾತಿ ಬರೆದಿದ್ದ ಜಾಗದ ಹೆಲ್ಪರನ್ನು ಒಂದೊಂದೇ ಸಾಲಾಗಿ ಓದಿದೆ. ಪಟ್ಟಿಯಲ್ಲಿ ಯಾವ ಜಾಗವೂ ಸಿಗದಿದ್ದರೆ ಖಾಲಿ ಕೊಡುವ ಬದಲು ಆಕೆ ‘ಬನ್ನಿಮಂಟಪ’ ಎಂದು ಕೊಟ್ಟು ಕಳಿಸಿದ್ದಳು. ವೇಳೆಯ ಹೆಲ್ಪರ್ ನೋಡಿದೆ: ವೇಳೆ ಸಿಗದಿದ್ದರೆ ‘ಬೆಳಿಗ್ಗೆ ಹತ್ತು ಗಂಟೆ’. ಯಾವ ಹೆಲ್ಪರೂ ಖಾಲಿ ಎನ್ನುತ್ತಲೇ ಇರಲಿಲ್ಲ. ಮೊದಲನೆಯದೇ ಏನಾದರೊಂದು ಕೊಟ್ಟುಬಿಡುತ್ತಿದ್ದರಿಂದ ಉಳಿದವರ ಸರದಿ ಬರುತ್ತಲೇ ಇರಲಿಲ್ಲ.

ಮರುದಿನ ಆಕೆ ಬಂದು ಚಪ್ಪಲಿ ಬಿಡುತ್ತಿರುವಾಗಲೇ ಕೇಳಿದೆ.

“ಇದ್ಯಾಕ್ರೀ ಹೀಗೆ ಮಾಡಿದ್ರಿ? ಸಿಗದಿದ್ರೆ ಖಾಲಿ ಕೊಡ್ಬೇಕು ಅಂತ ಮಾತಾಡಿದ್ವಲ್ಲ?”

“ಅಯ್ಯೋ ಅಕ್ಕ, ಕೇಳಕ್ಕೆ ಬಂದೋರ್ನ ಬರಿಗೈಲಿ ಕಳಿಸಕ್ಕಾಗುತ್ತಾ?”

“ಕೇಳ್ತಾ ಇರೋದು ಜನ ಅಲ್ಲ ಕಣ್ರೀ. ನನ್ನ ಮುಖ್ಯ ಫೈಲು ನಿಮ್ಮ ಹೆಲ್ಪರನ್ನ ಕೇಳ್ತಿರೋದು.”

“ಯಾರಾದ್ರೇನು. ನಮ್ಮನೇಲಿ ನೀವು ಒಂದು ಲೋಟ ಸಕ್ಕರೆ ಇಸ್ಕೊಂಡ್ ಹೋದ್ರೆ, ಆ ಲೋಟ ಖಾಲಿ ವಾಪಸ್ ಕೊಡ್ತೀರಾ? ಎರಡು ಬಾಳೆಹಣ್ಣೋ, ಒಂದು ಹಿಡಿ ಹುರಿಗಡಲೆನೋ ಹಾಕಿ ಕೊಡಲ್ವಾ?”

“ಕೊಡ್ತೀನಿ. ಅದು ಅಡುಗೆಮನೆ.”

“ನಮ್ಮಾವ ಅಂಗಡೀಲಿ ಇಲ್ಲ ಅಂತ ಹೇಳೋದೇ ಇಲ್ಲ ಅಕ್ಕ. ಬ್ಯಾಡಗಿ ಮೆಣಸಿನಕಾಯಿ ಇಲ್ದಿದ್ರೆ ಗುಂಟೂರು ಕಟ್ಕೊಡ್ತಾರೆ. ಮಠದಲ್ಲೂ ಅಷ್ಟೇ, ಹೊತ್ತು ಮೀರಿ ಹೋದ್ರೂ ಅನ್ನ ಮುಗ್ದೋಯ್ತು ಅನ್ನಲ್ಲ, ಮಜ್ಜಿಗೆನಾದ್ರೂ ಕೊಟ್ಟು ಕಳಿಸ್ತಾರೆ. ಬಾಯ್ಬಿಟ್ಟು ಇಲ್ಲ ಅನ್ನೋದು ಎಂಗೆ?”

“ಅದಕ್ಕೆ ಎಲ್ಲರನ್ನೂ ಬನ್ನಿಮಂಟಪಕ್ಕೆ ಕಳಿಸೋದಾ?”

“ನಮ್ಮನೆ ಅಲ್ಲೇ ಇರೋದು. ಬರ್ಲಿ ಬುಡಿ, ಕಾಫಿ ಕೊಡ್ತೀನಿ.”

ಸುತ್ತ ಇದ್ದವರೆಲ್ಲ ನಕ್ಕರು. ನಗಬಾರದೆಂದುಕೊಂಡ ನಾನೂ ನಕ್ಕುಬಿಟ್ಟೆ. ಆಮೇಲೆ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಬ್ಬರು ಇಲ್ಲ ಎಂದರೆ ಮಾತ್ರ ಮುಂದಿನವರಿಗೆ ದಾರಿ ಸಿಗುತ್ತದೆ ಎಂದು ಬಿಡಿಸಿ ಹೇಳಿದೆ. “ಹೌದಲ್ವಾ! ಆಯ್ತಕ್ಕ, ನೀವು ಹೇಳಿದಂಗೇ ಮಾಡ್ತೀನಿ” ಎಂದಳು. ಲ್ಯಾಬಿನ ಕಂಪ್ಯೂಟರಿನಲ್ಲಿ ನಾನೇ ಕೂತು ಎಲ್ಲ ಹೆಲ್ಪರುಗಳನ್ನೂ ತಿದ್ದಿದೆ. ಆಕೆ ಮನೆಯಲ್ಲಿದ್ದುದನ್ನೂ ತಿದ್ದಿಕೊಂಡಿದ್ದಾಳೆ ಎಂದು ನಂಬಿದೆ. ಆಕೆ ‘ಆಯ್ತು’ ಎಂದದ್ದು ನನ್ನನ್ನೂ ಬರಿಗೈಯಲ್ಲಿ ಕಳಿಸಬಾರದೆಂದು ಅಷ್ಟೇ ಎನ್ನುವುದು ನನಗೆ ಹೊಳೆಯಲಿಲ್ಲ.

ಪ್ರಾಜೆಕ್ಟ್ ತೋರಿಸುವ ದಿನ ಬಂತು. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ನಾನು ಗಂಜಿ ಹಾಕಿದ ಹತ್ತಿ ಸೀರೆ ಉಟ್ಟಿದ್ದೆ. ಆಕೆ ರೇಷ್ಮೆ ಉಟ್ಟು ಮುಡಿತುಂಬ ಮಲ್ಲಿಗೆ ಮುಡಿದು ಬಂದಿದ್ದಳು. ಬೆಳಗಿನಿಂದ ಬಂದವರಲ್ಲಿ ಬಸ್ಸಿನ ವಿಷಯ ಕೇಳಿದವರಿಗೆಲ್ಲ ನನ್ನ ಪ್ರೋಗ್ರಾಂ ಸರಿಯಾಗಿ ಉತ್ತರ ಕೊಟ್ಟಿತು. ಆದರೆ ಜನ ಬಸ್ಸಿನ ವಿಷಯವನ್ನಷ್ಟೇ ಎಲ್ಲಿ ಕೇಳುತ್ತಾರೆ? ‘ಊಟ ಆಯ್ತಾ’ ಎಂದು ಕೇಳಿದರು. ‘ನನ್ನ ಮದುವೆ ಯಾವಾಗ’ ಎಂದು ಕೇಳಿದರು. ಅದು ಪ್ರತಿಸಲವೂ ಕ್ಷಮೆ ಕೇಳಿ, ಅರ್ಥವಾಗಲಿಲ್ಲ ಎಂದಿತು. ಅದು ಹಾಗೆಂದಾಗಲೆಲ್ಲ ನನಗೆ ಒಳಗೆ ಹೆಮ್ಮೆ. ಎದುರಿಗಿದ್ದವರು ಪೆಚ್ಚಾಗಿ ಪಕ್ಕದ ಕಂಪ್ಯೂಟರಿನ ಹಾವಿನ ಆಟಕ್ಕೆ ಹೋಗುತ್ತಿದ್ದರು.

ಮಧ್ಯಾಹ್ನ ಮಾಲೀಕರು ಬಂದರು. ಬಿಳಿ ಅಂಗಿಯ ವಯಸ್ಸಾದವರು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದರು. ಕುರ್ಚಿ ಎಳೆದುಕೊಂಡು ಕೂತು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ‘ನಮಸ್ಕಾರ.’ ಪ್ರೋಗ್ರಾಂ ನಮಸ್ಕಾರ ಹೇಳಿತು. ಅವರ ಮುಖ ಅರಳಿತು. ‘ಒಳ್ಳೆ ದೋಸೆ ಎಲ್ಲಿ ಸಿಗುತ್ತೆ.’ ಕ್ಷಮಿಸಿ, ಅರ್ಥವಾಗಲಿಲ್ಲ. ‘ಪಂಜಿನ ಕವಾಯತು ನೋಡಕ್ಕೆ ಎಲ್ಲಿಗೆ ಹೋಗಬೇಕು.’ ಕ್ಷಮಿಸಿ, ಅರ್ಥವಾಗಲಿಲ್ಲ.

“ಏನಮ್ಮ ಇದು, ಮೈಸೂರಲ್ಲಿದ್ಕೊಂಡು ಇದಕ್ಕೇನೂ ಗೊತ್ತಿಲ್ವಲ್ಲ!” ಎಂದರು ಮಾಲೀಕರು.

“ಸರ್, ಅದಕ್ಕೆ ಜಾಗದ ಹೆಸರು ಹೇಳಿದ್ರೆ...” ಎಂದು ನಾನು ಶುರು ಮಾಡುವಷ್ಟರಲ್ಲಿ ಪಕ್ಕದಿಂದ ಬಳೆಯ ಸದ್ದು.

“ಒಂದ್ನಿಮಿಷ ಸರ್, ಇನ್ನೊಂದಿದೆ, ಬಹಳ ಹೊಸದು” ಎಂದು ಜೊತೆಗಾತಿ ತನ್ನ ಪರ್ಸಿನಿಂದ ಆ ಕಪ್ಪು ಫ್ಲಾಪಿಯನ್ನು ತೆಗೆದು ತೂರಿಸಿಯೇಬಿಟ್ಟಳು. ನನ್ನನ್ನು ಕಾಪಾಡಲೆಂದೇ ಮಾಡಿದ್ದು. ಕಣ್ಣಲ್ಲೇ ನನಗೆ ಧೈರ್ಯ ಹೇಳಿದಳು. ನಾನು ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದೆ.

ಮಾಲೀಕರು ಮತ್ತೆ ಅದನ್ನೇ ಒತ್ತಿದರು. ಪಂಜಿನ ಕವಾಯತು ನೋಡಕ್ಕೆ ಎಲ್ಲಿಗೆ ಹೋಗಬೇಕು. ಪಂಜು, ಕವಾಯತು ಯಾವುದೂ ತಿಳಿಯದ, ಪಟ್ಟಿಯಲ್ಲಿ ಏನೂ ಸಿಗದ ಆ ಪ್ರೋಗ್ರಾಂ ತನ್ನ ಅಭ್ಯಾಸದಂತೆ ಹೇಳಿತು: “ಬನ್ನಿಮಂಟಪದ ಬಸ್ಸು ಹಿಡಿಯಿರಿ, ಹೋಗಿ ಬನ್ನಿ.”

ದಸರೆಯ ಕೊನೆಯ ರಾತ್ರಿ ಪಂಜಿನ ಕವಾಯತು ನಡೆಯುವುದು ಬನ್ನಿಮಂಟಪದ ಮೈದಾನದಲ್ಲೇ ಎಂದು ಗೊತ್ತಿಲ್ಲದ ಮೈಸೂರಿನವರು ಯಾರು? ಮಾಲೀಕರು ಕುರ್ಚಿಯಿಂದ ಅರ್ಧ ಎದ್ದುಬಿಟ್ಟರು.

“ಭೇಷ್! ನೋಡಿ, ನೋಡಿ! ಪಂಜು ಅಂದ್ರೆ ಏನು ಅಂತ ತಿಳ್ಕೊಂಡಿದೆಯಲ್ರೀ ಇದು!”

ದೋಸೆಯನ್ನೂ ಕೇಳಿದರು. ಬನ್ನಿಮಂಟಪದ ಬಸ್ಸು ಹಿಡಿಯಿರಿ, ಹೋಗಿ ಬನ್ನಿ. “ಹೌದು, ಅಲ್ಲೊಂದು ಹೋಟ್ಲಿದೆ. ನಮ್ಮ ಕಾಲದ್ದು. ಯಾರು ಹೇಳಿದ್ರು ಇದಕ್ಕೆ?” ಎಂದರು. ಪ್ರೋಗ್ರಾಂ ಮಾಡಿದ ತಪ್ಪನ್ನು ಕೇಳಿದವರೇ ಸರಿ ಮಾಡಿಕೊಳ್ಳುತ್ತಿದ್ದರು. ನಾನು ಬಾಯಿ ತೆರೆದೆ. ಸರ್ ಮಾಲೀಕರ ಬೆನ್ನ ಹಿಂದಿನಿಂದ ಕೈ ಅಲ್ಲಾಡಿಸಿ ಸುಮ್ಮನಿರಿ ಎಂದರು. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಕಲಿತವಳು, ಸುಮ್ಮನಾದೆ.

“ಬರೆದಿದ್ದು ಯಾರಮ್ಮ?”

“ಇಬ್ರೂ ಸರ್” ಎಂದಳು ಆಕೆ.

“ಇಲ್ಲ, ಈ ಎರಡನೇದು.”

ಆಕೆ ತಡವರಿಸಿದಳು. ಫ್ಲಾಪಿ ಆಕೆಯ ಪರ್ಸಿನಿಂದ ಬಂದದ್ದನ್ನು ಅವರೇ ನೋಡಿದ್ದರು. “ಹಾಗಾದ್ರೆ ಬರೋ ತಿಂಗಳಿಂದ ಮಧ್ಯಾಹ್ನದ ಲ್ಯಾಬು ನೀವೇ ನೋಡ್ಕೊಳ್ಳಿ. ಏನಂತೀರಾ?” ಎಂದು ಅಲ್ಲೇ, ಎಲ್ಲರ ಎದುರಿಗೇ ಕೇಳಿದರು. ಆಕೆ ನನ್ನನ್ನು ನೋಡಿದಳು, ಸರ್ ಅವರನ್ನು ನೋಡಿದಳು, ಮತ್ತೆ ಮಾಲೀಕರನ್ನು ನೋಡಿದಳು.

“ಆಗ್ಲಿ ಸರ್” ಎಂದಳು.

ಚಪ್ಪಲಿ ಬಿಟ್ಟ ಕಡೆ ನನ್ನ ತೋಳು ಹಿಡಿದುಕೊಂಡಳು. ಆಕೆಯ ಕಣ್ಣಲ್ಲಿ ನೀರಿತ್ತು. “ಎದುರಿಗೆ ಕೂತು ಕೇಳಿದ್ರು ಕಣಕ್ಕ. ಅಷ್ಟು ದೊಡ್ಡೋರು. ಇಲ್ಲ ಅನ್ನಕ್ಕೆ ಬಾಯೇ ಬರ್ಲಿಲ್ಲ.”

“ನಿಮಗೆ ಬೇಡವಲ್ಲ ಆ ಕೆಲಸ?”

“ಬೇಡ.”

“ಮತ್ತೆ ಈಗ್ಲೇ ಹೋಗಿ ಹೇಳಿ.”

“ಹೇಳ್ತೀನಿ. ಖಂಡಿತ ಹೇಳ್ತೀನಿ” ಎಂದಳು. ಹೇಳುವುದಿಲ್ಲವೆಂದು ನನಗೆ ಆ ಹೊತ್ತಿಗೆ ಗೊತ್ತಾಗಿತ್ತು.

ಮನೆಗೆ ಬಂದಾಗ ಅತ್ತೆ ಮುಖ ನೋಡಿಯೇ ಏನೂ ಕೇಳದೆ ಕಾಫಿ ತಂದಿಟ್ಟರು. ಸಂಜೆ ನಮ್ಮ ಮನೆಯವರು, “ಹೋಗ್ಲಿ ಬಿಡು, ಬೇರೆ ಸಿಗುತ್ತೆ” ಎಂದರು. ಸಿಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ನನಗೆ ಸೋತದ್ದಕ್ಕಿಂತ, ಸೋತದ್ದು ಯಾತಕ್ಕೆಂದು ಯಾರಿಗೂ ಬಿಡಿಸಿ ಹೇಳಲಾಗದ್ದು ಹೆಚ್ಚು ಉರಿಯಾಯಿತು. ನನ್ನ ಪ್ರೋಗ್ರಾಂ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಿತು, ಅದಕ್ಕೇ ನನಗೆ ಕೆಲಸ ಸಿಗಲಿಲ್ಲ ಎಂದರೆ, ಕೇಳಿದವರು ನನ್ನನ್ನೇ ಒಂಥರಾ ನೋಡುತ್ತಿದ್ದರು.

ಆಕೆ ಕೆಲಸಕ್ಕೆ ಹೋಗತೊಡಗಿದಳು. ಮಾಲೀಕರು ಆ ಪ್ರೋಗ್ರಾಮನ್ನು ಕೇಂದ್ರದ ಮುಂದಿನ ವರಾಂಡದಲ್ಲಿ, ರಸ್ತೆಗೆ ಕಾಣುವ ಹಾಗೆ ಒಂದು ಕಂಪ್ಯೂಟರಿನಲ್ಲಿ ಹಾಕಿಸಿದರು. ರಿಸೆಪ್ಷನ್ನಿನಾಕೆ ದಾರಿಹೋಕರು ಕೇಳಿದ್ದನ್ನು ಟೈಪ್ ಮಾಡಿ ಉತ್ತರ ಓದಿ ಹೇಳುತ್ತಿದ್ದಳು. ಕೇಂದ್ರಕ್ಕೆ ಒಳ್ಳೆಯ ಪ್ರಚಾರ. ತರಕಾರಿಗೆ ಹೋಗುವಾಗ ನಾನು ರಸ್ತೆಯ ಆ ಕಡೆಯಿಂದ ಹೋಗುತ್ತಿದ್ದೆ.

ದಸರಾ ಹತ್ತಿರ ಬಂದಂತೆ ಅಂಗಡಿಯಲ್ಲಿ ವ್ಯಾಪಾರ ಹೆಚ್ಚಾಗಿ ಜೊತೆಗಾತಿಗೆ ಲ್ಯಾಬಿಗೆ ಬರಲು ಆಗದೆ ಹೋಯಿತು. ಕೆಲಸ ಬಿಡುತ್ತೇನೆಂದು ಆಕೆ ಹೇಳಲಿಲ್ಲ. ಸರ್ ಫೋನ್ ಮಾಡಿದಾಗಲೆಲ್ಲ “ನಾಳೆ ಬರ್ತೀನಿ ಸರ್” ಎನ್ನುತ್ತಿದ್ದಳಂತೆ. ಆ ನಾಳೆ ಬರಲಿಲ್ಲ. ಕಾದು ಕಾದು ಸರ್ ಸೋತು ನನಗೆ ಫೋನ್ ಮಾಡಿದರು. “ಮೇಡಂ, ನೀವೇ ಬಂದ್ಬಿಡಿ. ಮಾಲೀಕರಿಗೆ ಹೇಳಿದ್ದೀನಿ.”

ಹೀಗೆ ಆ ಜಾಗ ನನಗೆ ಬಂತು. ಬ್ಯಾಗು ಹೆಗಲಿಗೇರಿಸಿ ಹೊರಟಾಗ ದಸರಾ ರಜೆಯಲ್ಲಿದ್ದ ಮಗಳು ಗೇಟಿನವರೆಗೆ ಬಂದು ಟಾಟಾ ಮಾಡಿದಳು. ಖುಷಿಯಾಗಲಿಲ್ಲವೆಂದರೆ ಸುಳ್ಳು.

ಮೊದಲ ದಿನವೇ ಮಾಲೀಕರನ್ನು ಕಂಡು, ವರಾಂಡದ ಪ್ರೋಗ್ರಾಮಿನಲ್ಲಿ ಒಂದು ದೋಷವಿದೆ, ಅದನ್ನು ಬಿಡಿಸಿ, ಹೆಲ್ಪರುಗಳನ್ನು ಬೇರೆ ಬೇರೆ ಮಾಡಿ ಸರಿಪಡಿಸಿಕೊಡುತ್ತೇನೆ ಎಂದೆ. ಈ ಸಲ ಪೂರ್ತಿ ಹೇಳಿದೆ, ನಡುವೆ ನಿಲ್ಲಿಸಲಿಲ್ಲ. ಅವರು ಕನ್ನಡಕ ಇಳಿಸಿ ಸಮಾಧಾನವಾಗಿ ಕೇಳಿದರು.

“ನಡೀತಿದೆಯಲ್ಲಮ್ಮ?”

“ನಡೀತಿದೆ ಸರ್. ಆದ್ರೆ ಗೊತ್ತಿಲ್ಲದ್ದಕ್ಕೆಲ್ಲ...”

“ನಡೀತಿರೋದನ್ನ ಮುಟ್ಟಬೇಡಿ. ನೀವು ಕ್ಲಾಸ್ ನೋಡ್ಕೊಳ್ಳಿ.”

ನಾನು ಕ್ಲಾಸು ನೋಡಿಕೊಂಡೆ. ಬೋರ್ಡಿನ ಮೇಲೆ ದೊಡ್ಡ ಚೌಕ, ಅದರಿಂದ ಚಿಕ್ಕ ಚಿಕ್ಕ ಚೌಕಗಳು. ಹೆಲ್ಪರನ್ನು ಹೇಗೆ ಬರೆಯಬೇಕು, ಎಲ್ಲಿಡಬೇಕು, ಸಿಗದಿದ್ದರೆ ಖಾಲಿ ಎಂದು ಯಾಕೆ ಹೇಳಬೇಕು ಎಂದು ಕಲಿಸಿದೆ. ಗಾಜಿನ ಬಾಗಿಲ ಆಚೆಯಿಂದ ರಿಸೆಪ್ಷನ್ನಿನಾಕೆ ಓದಿ ಹೇಳುವುದು ಕೇಳುತ್ತಲೇ ಇತ್ತು: “ಬನ್ನಿಮಂಟಪದ ಬಸ್ಸು ಹಿಡಿಯಿರಿ ಅಂತಿದೆ ನೋಡಿ.” ಮೊದಮೊದಲು ಕೇಳಿದಾಗಲೆಲ್ಲ ಸೀಮೆಸುಣ್ಣ ಬಿಗಿಹಿಡಿಯುತ್ತಿದ್ದೆ. ಸಮಯ ಸಿಕ್ಕಾಗ ಹಿಂದಿನ ಸಾಲಿನ ಕಂಪ್ಯೂಟರಿನಲ್ಲಿ ಕೂತು ಆ ಉದ್ದನೆಯ ಫೈಲಿನ ಒಂದು ಪ್ರತಿಯನ್ನು ಮತ್ತೆ ಬಿಡಿಸಿ ಜೋಡಿಸಿದೆ. ಚೆಂದವಾಗಿ ಓಡಿತು. ಅದನ್ನು ಯಾರೂ ವರಾಂಡಕ್ಕೆ ಹಾಕಲಿಲ್ಲ.

ಒಂದು ಮಧ್ಯಾಹ್ನ ರಿಸೆಪ್ಷನ್ನಿನಾಕೆ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. “ಮೇಡಂ, ಯಾರೋ ಬಂದು ಬೈತಿದ್ದಾರೆ. ಸ್ವಲ್ಪ ಬನ್ನಿ.”

ಹೊರಗೆ ಒಬ್ಬರು ಹೆಂಗಸು ನಿಂತಿದ್ದರು. ಕೈಯಲ್ಲಿ ಎಕ್ಸ್‌ರೇಯ ದೊಡ್ಡ ಕಂದು ಲಕೋಟೆ. ಸೆರಗಿನ ತುದಿಯಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಇಲ್ಲಿಗೆ ಬಂದು ಒಬ್ಬ ಮೂಳೆ ಡಾಕ್ಟರ ಹೆಸರು ಹೇಳಿ, ಅವರ ಕ್ಲಿನಿಕ್ಕಿಗೆ ಹೇಗೆ ಹೋಗಬೇಕೆಂದು ಕೇಳಿದ್ದರು. ಕ್ಲಿನಿಕ್ ಇದ್ದದ್ದು ರಾಜೀವನಗರದಲ್ಲಿ. ಆದರೆ ಡಾಕ್ಟರ ಹೆಸರು ಪ್ರೋಗ್ರಾಮಿನ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು?

“ಬನ್ನಿಮಂಟಪದಲ್ಲಿ ಇಳ್ದು ಬಿಸ್ಲಲ್ಲಿ ಬೀದಿ ಬೀದಿ ಸುತ್ತಿದ್ದೀನಿ, ಈ ಕಾಲಿಟ್ಕೊಂಡು. ಕೊನೆಗೆ ಯಾರೋ ಪುಣ್ಯಾತ್ಮರು ರಾಜೀವನಗರ ಅಂದ್ರು. ಅಲ್ಲಿಗೆ ಹೋಗೋ ಹೊತ್ತಿಗೆ ಡಾಕ್ಟ್ರು ಎದ್ದೋಗಿದ್ರು. ಗೊತ್ತಿಲ್ಲ ಅಂದಿದ್ರೆ ಇನ್ಯಾರನ್ನಾದ್ರೂ ಕೇಳ್ತಿದ್ನಲ್ಲಮ್ಮ ನಾನು!”

ನಾನು ಹೇಳಬೇಕೆಂದಿದ್ದ ಮಾತನ್ನೇ ಅವರು ಹೇಳಿದ್ದರು. ಅವರನ್ನು ಕೂರಿಸಿ ನೀರು ಕೊಟ್ಟೆ. ಡಾಕ್ಟರು ಮತ್ತೆ ಸಂಜೆ ಸಿಗುತ್ತಾರೋ ಎಂದು ಫೋನ್ ಪುಸ್ತಕ ಹುಡುಕಿ, ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಿದೆ. ಸಿಗುತ್ತಾರೆ ಎಂದರು. ಯಾವ ಬಸ್ಸು, ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂದು ಲಕೋಟೆಯ ಹಿಂದೆಯೇ ಬರೆದುಕೊಟ್ಟೆ.

ಅವರು ಏಳುತ್ತ ಕಂಪ್ಯೂಟರಿನ ಕಡೆ ಕೈ ತೋರಿಸಿದರು. “ಇದನ್ನ ಮಾಡಿದ್ದು ನೀನೇನಾ?”

“ಇಲ್ಲಮ್ಮ” ಎಂದೆ. “ನೋಡ್ಕೊಳ್ಳೋದು ನಾನು.”

“ನೋಡ್ಕೊಳ್ಳೋಳು ನೀನಾದ್ರೆ ಸರಿ ಮಾಡ್ಬಾರ್ದಾ ತಾಯಿ?”

ಮಾಲೀಕರ ಕೋಣೆಯ ಬಾಗಿಲು ತೆರೆದೇ ಇತ್ತು, ಪೇಪರ್ ಮಗುಚುವ ಸದ್ದು ಕೇಳುತ್ತಿತ್ತು. ಅವರನ್ನು ಬಸ್‌ ಸ್ಟಾಪಿನವರೆಗೆ ಬಿಟ್ಟು, ಸರಿಯಾದ ಬಸ್ಸು ಹತ್ತಿಸಿ, ವಾಪಸು ಬಂದು ಚಪ್ಪಲಿ ಬಿಟ್ಟು, ಕ್ಲಾಸನ್ನು ನಿಲ್ಲಿಸಿದ್ದಲ್ಲಿಂದ ಮುಂದುವರಿಸಿದೆ.